ಅಚ್ಚಿನ ಗೆರೆ

ಶುಕ್ರವಾರ, ನಸುಕಿನ ನಾಲ್ಕೂವರೆ.
ಚೋರ್ ಬಜಾರಿನ ನೆಲದುದ್ದಕ್ಕೂ ಗೋಣಿತಟ್ಟು.
ಟಾರ್ಚು ಹಿಡಿದು ಬಗ್ಗಿದವರೆಲ್ಲ
ಏನೋ ಕಳಕೊಂಡವರ ಹಾಗೆ.
ನಾನೂ.

ಕಣ್ಣಿಗಿಂತ ಮೊದಲು ಬೆರಳು ನೋಡುತ್ತದೆ.
ಬಟ್ಟಲ ಹೊಟ್ಟೆಯ ಮೇಲೆ ಉಗುರು ಎಳೆದರೆ
ತಡೆಯುತ್ತದೆ ಒಂದು ಕಡೆ, ಎರಡು, ಮೂರು:
ಮೂರು ಹೋಳಿನ ಕಬ್ಬಿಣದ ಅಚ್ಚು
ಬಾಯಿ ಮುಚ್ಚಿದ ಜಾಗ.
ಊದಿದ್ದಲ್ಲ, ಕೊರೆದದ್ದಲ್ಲ,
ಕಾದ ಗಾಜನ್ನು ಒತ್ತಿ ಮಾಡಿದ್ದು.
ದೊಡ್ಡವರ ಮೇಜಿನ ಗಾಜಿಗೆ
ನಮ್ಮಂಥವರ ಮನೆಯ ನಕಲು.

ನಕಲೇ ಇರಲಿ. ತಿರುಗಿಸಿ ನೋಡಿ,
ಚೆಂಡುಹೂವಿನ ಹಳದಿಯ ಮೇಲೆ
ಸೀಮೆಎಣ್ಣೆ ಬಿದ್ದ ಮಳೆನೀರು.
ನೇರಳೆ, ನವಿಲುಗೊರಳು, ಹಸಿ ತಾಮ್ರ,
ಹೆಸರಿಡುವಷ್ಟರಲ್ಲಿ ಜಾರುತ್ತದೆ.

‘ವಿಲಾಯತಿ ಮಾಲು’ ಅನ್ನುತ್ತಾನೆ ಇದ್ರೀಸ್.
ಫಿರೋಜಾಬಾದಿನದೆಂದು ಅವನಿಗೂ ಗೊತ್ತು, ನನಗೂ.
ಅವನು ಎಂಟುನೂರು, ನಾನು ಇನ್ನೂರು,
ಚಹಾ ಬರುತ್ತದೆ, ನಾಲ್ಕುನೂರು.

ಹದಿಮೂರಕ್ಕೆ ನಾನು ಫೋರ್ಟಿನ ಹೋಟೆಲಿನಲ್ಲಿ
ಲೋಟ ತೊಳೆಯುತ್ತಿದ್ದೆ.
ಲೋಟ ಒಡೆದರೆ ಸಂಬಳ ಮುರಿಯುತ್ತಿದ್ದರು,
ಒಂದಕ್ಕೆ ಎಂಟಾಣೆ.
ಈಗ ಗಾಜಿಗೆ ದುಡ್ಡು ಸುರಿಯುವುದು ಅದಕ್ಕೇ ಅಂತ
ಗುಲಾಬಿ ಅನ್ನುತ್ತಾಳೆ. ಅಲ್ಲ.
ಯಾಕೆಂದು ಕೇಳಿದರೆ ನನಗೂ ಗೊತ್ತಿಲ್ಲ.

ಒಂಬತ್ತು ವರ್ಷಕ್ಕೆ ಐದು ಬಟ್ಟಲು.
ಡೊಂಬಿವಿಲಿಯ ಒಂದೂವರೆ ಕೋಣೆಯಲ್ಲಿ
ಅವಕ್ಕೊಂದು ಕಪಾಟು,
ನಮಗೆ ಉಳಿದದ್ದು.
ಆರನೆಯದು ದಾದರಿನಲ್ಲಿದೆ ಎಂದ ಇದ್ರೀಸ್,
ಪಾರ್ಸಿ ಕಾಲೊನಿ, ಎರಡನೆಯ ಮಾಳಿಗೆ, ಖೋರ್ಶೆದ್‌ಬಾಯಿ.

ಎಂಬತ್ತೆಂಟರ ಮುದುಕಿ. ಕಿಟಕಿಕಟ್ಟೆಯ ಮೇಲೆ ಅದೇ ಬಟ್ಟಲು,
ಅದೇ ಹಳದಿ, ಅದೇ ಮೀನಿನ ಚಿಪ್ಪಿನ ಕೆತ್ತನೆ,
ಒಳಗೆ ನೀರು,
ನೀರಿನಲ್ಲಿ ಅವಳ ಹಲ್ಲಿನ ಸೆಟ್ಟು.

ಸಾವಿರ ಎಂದೆ. ಎರಡು ಸಾವಿರ ಎಂದೆ.
ಬೊಚ್ಚುಬಾಯಿ ತೆರೆದು ನಕ್ಕಳು:
‘ಬೇಕಾದರೆ ಹಲ್ಲು ತಗೊಂಡು ಹೋಗಿ.’

ಆಮೇಲೆ, ಕುರ್ಚಿ ತೋರಿಸಿ,
‘ನಿಮ್ಮ ಹತ್ತಿರ ಎಷ್ಟಿವೆ?’
‘ಐದು.’
‘ಒಂದರ ಬುಡದಲ್ಲಿ ಸಾಸಿವೆಯಷ್ಟು ಗುಳ್ಳೆ?’
‘ಹೌದು.’
‘ಒಂದರ ಅಂಚು ಮುಕ್ಕು, ಹೆಬ್ಬೆರಳು ಕೂರುವಷ್ಟು?’
ನಾನು ಮಾತಾಡಲಿಲ್ಲ.
‘ರುಸ್ತಮನ ಹಾಲುಹಲ್ಲು ತಾಗಿ ಮುಕ್ಕಾದದ್ದು.
ಅವನ ಅಪ್ಪ ಹೋದ ವರ್ಷ, ಬಾಗಿಲಿಗೆ ಬಂದವನಿಗೆ
ಐದನ್ನೂ ಹನ್ನೊಂದು ರೂಪಾಯಿಗೆ ಕೊಟ್ಟುಬಿಟ್ಟೆ.
ಇದರಲ್ಲಿ ಅವತ್ತು ಕಸ್ಟರ್ಡು ಉಳಿದಿತ್ತು.’

ತಂದುಕೊಡುತ್ತೇನೆ ಅನ್ನಬೇಕಿತ್ತು.
ನಾಲಗೆಯ ತುದಿವರೆಗೆ ಬಂದದ್ದು
ಅಲ್ಲೇ ಕೂತಿತು.
ಅವಳೂ ಕೇಳಲಿಲ್ಲ.
ಎದ್ದು ಹೊರಡುವಾಗ ಬಟ್ಟಲ ಮೇಲೆ ಉಗುರೆಳೆದೆ,
ಒಂದು, ಎರಡು, ಮೂರು.
ನೀರು ಅಲುಗಿ
ಹಲ್ಲು ಒಮ್ಮೆ ಮಿಸುಕಿತು.

ಸ್ಟೇಷನ್ನಿನಿಂದ ಮನೆಗೆ ನಡೆದೇ ಬಂದೆ.
‘ಸಿಕ್ಕಿತಾ?’ ಎಂದಳು ಗುಲಾಬಿ.
‘ಸಿಕ್ಕಿತು.’
ನನ್ನ ಬರಿಗೈ ನೋಡಿದಳು. ‘ಮತ್ತೆ, ಎಲ್ಲಿ?’
‘ದಾದರಿನಲ್ಲೇ. ನೆನೆಯುತ್ತಾ ಇದೆ.’