ನೀಲಿ ಬಳಪ

ಭಾನುವಾರ ರಾತ್ರಿ, ಇವರು ಆಸ್ಪತ್ರೆಯ ಪಾಳಿಗೆ ಹೊರಟ ಮೇಲೆ
ಅಡುಗೆಮನೆಯ ಮೇಜೊರೆಸಿ ವಾರ ಬರೆಯುತ್ತೇನೆ.
ಸೋಮವಾರ ಭಾಷೆ: ಸುಮ್ಮನಿರುವ ಅಕ್ಷರದ ಹತ್ತು ಪದ.
ಮಂಗಳವಾರ ಭೂಗೋಳ: ದಕ್ಷಿಣ ಆಸ್ಟ್ರೇಲಿಯದ ನಕ್ಷೆ, ಸರೋವರಗಳಿಗೆ ಬಣ್ಣ.
ಬುಧವಾರ: ಯಾರಿಗಾದರೂ ಒಂದು ಕಾಗದ, ಎಂಟು ಸಾಲಿಗೆ ಕಡಿಮೆಯಿಲ್ಲದೆ.
ಗುರುವಾರ ಖಾಲಿ. ಗುರುವಾರ ಬಟ್ಟೆ ಒಗೆಯಬೇಕು.
ಫ್ರಿಜ್ಜಿನ ಬಾಗಿಲಲ್ಲಿ ಅಯಸ್ಕಾಂತದ ಕಾಂಗರೂ
ಒತ್ತಿ ಹಿಡಿಯುತ್ತದೆ ನನ್ನ ಕೈಬರಹದ ಸರಕಾರವನ್ನು.

ನಾನೇನು ಮೇಷ್ಟರಲ್ಲ. ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ
ಲೆಕ್ಕ ಬರೆದವಳು. ಭೂಗೋಳದಲ್ಲಿ ಮೂವತ್ತೆಂಟು,
ಅದೂ ಪಕ್ಕದ ಬೆಂಚಿನ ಪುಟ್ಟಮಾದಿಯ ಕೃಪೆ.
ಆದರೆ ಕುಮುದಾ ಇಲ್ಲಿಯ ಶಾಲೆಯಲ್ಲಿ ಎರಡು ವರ್ಷ
ತುಟಿ ಬಿಚ್ಚಲಿಲ್ಲ. ಹಾಜರಿಗೂ ಕೈಯೆತ್ತಿದಳು, ಅಷ್ಟೇ.
ಟೀಚರು ಒಳ್ಳೆಯವರೇ. 'ಕಾಯೋಣ' ಎಂದರು.
ನನಗೆ ಕಾಯಲಾಗಲಿಲ್ಲ.

ಸೋಮವಾರ ಮೊದಲ ಪೆಟ್ಟು ನನಗೇ.
ನೈಫ್ ಎಂದು ಬರೆಯಲು ಮುಂದೊಂದು ಕೆ.
ನೀ ಅಂದರೆ ಮೊಣಕಾಲು, ಅಲ್ಲೂ ಕೆ. ಲ್ಯಾಂಬಿನ ಬಾಲದಲ್ಲಿ ಬಿ.
'ಮಾತಾಡದಿದ್ದರೆ ಯಾಕೆ ಕೂತಿದೆ ಅಲ್ಲಿ?'
ನಂಜು ಕೇಳಿದ, ಆರು ವರ್ಷದವನು.
ನಮ್ಮಲ್ಲಿ ಸಾಲಿನಲ್ಲಿ ಕೂತ ಅಕ್ಷರ ಕೂಲಿ ಮಾಡಲೇಬೇಕು ಮಗ,
ಬಡಪಾಯಿ ಒತ್ತಕ್ಷರ ಕೂಡ
ಮೇಲಿನವನ ಕಾಲಡಿ ನೇತಾಡಿಕೊಂಡೇ ಕೂಗುತ್ತದೆ.
ಇಲ್ಲಿ ಹಾಗಲ್ಲ. ಬರೀತಾರೆ, ಓದಲ್ಲ.
ಹಿಂದೊಮ್ಮೆ ಓದುತ್ತಿದ್ದರಂತೆ.

ಮಂಗಳವಾರ ಕುಮುದಾ ಸರೋವರಗಳನ್ನೆಲ್ಲ ಬಿಳಿಯೇ ಬಿಟ್ಟಳು.
ಪುಸ್ತಕದಲ್ಲಿ ನೀಲಿ ಇದೆಯಲ್ಲ! ಕೆಂಪು ಶಾಯಿಯಲ್ಲಿ
ಸುತ್ತು ಹಾಕಿ 'ಬಣ್ಣ ಎಲ್ಲಿ?' ಎಂದು ಬರೆದೆ.
ಅವಳು ವಾದಿಸಲಿಲ್ಲ. ನೀಲಿ ಬಳಪವನ್ನು
ಡಬ್ಬಿಯ ತಳಕ್ಕೆ ಸರಿಸಿ ಮುಚ್ಚಳ ಹಾಕಿದಳು.

ಗುರುವಾರ ಬಟ್ಟೆ ಒಗೆಯಲಿಲ್ಲ.
ಪೋರ್ಟ್ ಆಗಸ್ಟಾದಿಂದ ಉತ್ತರಕ್ಕೆ,
ಚಿತ್ರಾನ್ನದ ಡಬ್ಬಿ, ಐದು ಬಾಟಲಿ ನೀರು,
ಎರಡು ಗಂಟೆ ಕೆಂಪು ಮಣ್ಣು, ಬೂದು ಪೊದೆ,
ರಸ್ತೆಯಂಚಿಗೆ ಒಣಗಿದ ನಿಜವಾದ ಕಾಂಗರೂ.
ಪಿಂಬಾದಲ್ಲಿ ಪೆಟ್ರೋಲು. ಆಮೇಲೆ ಲೇಕ್ ಹಾರ್ಟ್.
ರೈಲು ಹಳಿ ದಾಟಿ ಇಳಿದರೆ
ಕಣ್ಣು ಬಿಡಲಾಗದಷ್ಟು ಬಿಳಿ.
ಹನಿ ನೀರಿಲ್ಲ. ಉಪ್ಪು,
ಕಾಲಿಟ್ಟಲ್ಲಿ ಕರಿದ ಹಪ್ಪಳದ ಹಾಗೆ ಮುರಿಯುವ ಉಪ್ಪು,
ಅದರಡಿ ಚಪ್ಪಲಿ ಹಿಡಿದೆಳೆಯುವ ಕೆಸರು.
ನಂಜುಂಡ ಹೆಸರಿಗೆ ತಕ್ಕವನು, ಕಂಡದ್ದೆಲ್ಲ ಗಂಟಲಿಗೆ:
ಬಗ್ಗಿ ನೆಕ್ಕಿದ, ಮುಖ ಕಿವುಚಿದ, ಮತ್ತೆ ನೆಕ್ಕಿದ.

ನಕ್ಷೆ ಬಿಚ್ಚಿ ಹಿಡಿದು ನಿಂತೆ. ಗಾಳಿಗೆ ಪಟಪಟ.
ಅದರಲ್ಲಿ ಇನ್ನೂ ನೀಲಿ.
'ಯಾರಮ್ಮ ಈ ಸುಳ್ಳು ಬರೆದದ್ದು?'
ಕುಮುದಾ ಅಂದಳು, ಜೋರಾಗಿ, ಹಳಿಯಾಚೆ
ವ್ಯಾನಿನ ನೆರಳಲ್ಲಿ ಟೀ ಕುಡಿಯುತ್ತಿದ್ದ ಇಬ್ಬರು ಮುದುಕರು
ತಿರುಗಿ ನೋಡುವಷ್ಟು ಜೋರಾಗಿ:
'ಸುಳ್ಳಲ್ಲ ಕಣೋ. ನೀರು ಇಲ್ಲಿ ನೈಫಿನ ಕೆ ಇದ್ದ ಹಾಗೆ.
ಬರೀತಾರೆ, ಓದಲ್ಲ.
ಮಳೆ ಬಂದಾಗ ಓದ್ತಾರೆ.'

ನಾನು ಏನೂ ಹೇಳಲಿಲ್ಲ. ಚಿತ್ರಾನ್ನ ಬಡಿಸಿದೆ.
ಉಪ್ಪು ಕಡಿಮೆ ಎಂದರು ಇಬ್ಬರೂ.

ರಾತ್ರಿ ಅವಳ ಹಾಳೆಯ ಕೆಂಪು ಸುತ್ತನ್ನು ಉಜ್ಜಿದೆ.
ಶಾಯಿ ಹೋಗಲಿಲ್ಲ, ಕಾಗದ ತೂತಾಯಿತು,
ಸರಿಯಾಗಿ ಸರೋವರದ ನಡುವೆ.
ಮುಂದಿನ ತಿಂಗಳು ಇಲಾಖೆಯಿಂದ ಮಿಸೆಸ್ ಪೆಂಗೆಲಿ ಬರುತ್ತಾರೆ,
ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡುವ ಹೆಂಗಸು.
ಕೇಳಿದರೆ ಹೇಳುತ್ತೇನೆ:
ಅದು ಮಗುವಿನ ತಪ್ಪಲ್ಲ, ತಿದ್ದಿದವಳದು.

ಬುಧವಾರದ ಕಾಗದ ಇನ್ನೂ ಕೈಗೆ ಬಂದಿಲ್ಲ.
ಬರೆದಿದ್ದಾಳಂತೆ, ಹದಿನಾಲ್ಕು ಸಾಲು.
ಯಾರಿಗೆ ಎಂದರೆ ತುಟಿ ಒತ್ತಿ ನಗುತ್ತಾಳೆ.
ಬಟ್ಟೆ ಶುಕ್ರವಾರ ಒಗೆದೆ.