ಹತ್ತೊಂಬತ್ತು ಕಲ್ಲು

ಪೆನ್ರಿತ್ ಪೇಟೆಯ ಬ್ಯಾಂಕಿನಲ್ಲಿ, ಗಾಜಿನ ಹಿಂದೆ,
ಮೂವತ್ತೊಂದು ವರ್ಷ ಕೂತವಳು ಥರ್ಜಾ ರೆಲ್ಫ್.
ಎದೆಯ ಬಿಲ್ಲೆಯಲ್ಲಿ ಹೆಸರು, ಅದರ ಕೆಳಗೆ: ಟೆಲ್ಲರ್.
‘ಟೆಲ್ ಅಂದರೆ ಹೇಳುವುದಲ್ಲವೆ? ಏನಾದರೂ ಹೇಳು ಮಾರಾಯ್ತಿ’ ಎಂದು
ಪಿಂಚಣಿಯ ದಿನದ ಮುದುಕರು ಛೇಡಿಸಿದರೆ
ಒದ್ದೆ ಸ್ಪಂಜಿಗೆ ಬೆರಳೊತ್ತಿ, ನೋಟು ಸರಿಸುತ್ತ
‘ನೂರಾ ನಲವತ್ತು’ ಅನ್ನುವಳು.
ಅಷ್ಟೆ.

ತಪ್ಪೇನೂ ಇಲ್ಲ. ಆ ಮಾತಿನ ಹಳೆಯ ಕಸುಬೇ ಎಣಿಕೆ.
ಕತೆಯೂ ಲೆಕ್ಕವೂ ಒಂದೇ ಕಂಬಳಿಯೊಳಗೆ
ಮಲಗುತ್ತಿದ್ದ ಕಾಲದ್ದು ಅದು.
ಜಪಮಣಿ ಸರಿಸುವ ಸನ್ಯಾಸಿನಿ ಮಣಿಗಳನ್ನು ‘ಟೆಲ್’ ಮಾಡುತ್ತಿದ್ದಳು,
ತುಟಿ ಬಿಚ್ಚದೆ.
ಕಡಲಾಚೆ ಡಚ್ಚರು ಇವತ್ತಿಗೂ
ಟೆಲ್ಲನ್ ಎಂದರೆ ಎಣಿಸುವುದು ಎನ್ನುತ್ತಾರೆ;
ಹೇಳುವುದಕ್ಕೆ ಅದರ ಮುಂದೊಂದು ತುಂಡು ಅಂಟಿಸುತ್ತಾರೆ.
ನಮಗೇನು ಸೋಜಿಗ? ನಾವೂ
ಚಿಲ್ಲರೆ ಎಣಿಸುವ ಬಾಯಲ್ಲೇ
ಹೀಗಾದೀತೆಂದು ಎಣಿಸಿರಲಿಲ್ಲ ಅಂತ ಅಳುವವರು.

ಥರ್ಜಾಳ ಅಪ್ಪ ಎಡ್ವಿನ್‌ಗೆ ಇದೆಲ್ಲ ಗೊತ್ತಿರಲಿಲ್ಲ.
ಗೊತ್ತಿದ್ದದ್ದು ಗುಡ್ಡ, ಕಲ್ಲುಗೋಡೆ, ಗೋಡೆಯ ಕಿಂಡಿ,
ಕಿಂಡಿಯಲ್ಲಿ ನುಗ್ಗುವ ಕುರಿ.
ಯಾನ್, ಟಾನ್, ಟೆದೆರಾ, ಮೆದೆರಾ, ಪಿಂಪ್:
ಕುರಿಗೆಂದೇ ಇಟ್ಟುಕೊಂಡ ಅಂಕಿಗಳು,
ಮನುಷ್ಯರಿಗೆ, ರೊಕ್ಕಕ್ಕೆ, ಮಕ್ಕಳ ವಯಸ್ಸಿಗೆ ಬಳಸುವಂತಿಲ್ಲ.
ಇಪ್ಪತ್ತಕ್ಕೆ ಬಂದರೆ ಜಿಗಿಟ್.
ಆಗ ಎಡಜೇಬಿನ ಒಂದು ಹರಳು ಬಲಜೇಬಿಗೆ.
ಮತ್ತೆ ಯಾನ್.
ರಾತ್ರಿ ಸೂಪಿನ ಬಟ್ಟಲು ಇಡುತ್ತ ಹೆಂಡತಿ ಕೇಳುವಳು:
‘ಟೋಲ್ಡ್?’
‘ಆಲ್ ಟೋಲ್ಡ್.’
ಆ ಮನೆಯಲ್ಲಿ ಅದಕ್ಕಿಂತ ಉದ್ದದ ಕತೆಯನ್ನು
ಥರ್ಜಾ ಕೇಳಿದ ನೆನಪಿಲ್ಲ.

ಎರಡು ಸಾವಿರದ ಒಂದು, ಕಾಲುಬಾಯಿ ಜ್ವರದ ವಸಂತ.
ಬಿಳಿ ನಿಲುವಂಗಿಯವರು ಬಂದರು, ಕೈಯಲ್ಲಿ ಹಲಗೆ, ಕಾಗದ.
‘ಎಷ್ಟು?’
‘ನಾನೂರ ಹನ್ನೆರಡು’ ಎಂದ ಎಡ್ವಿನ್,
ಶಾಲೆಯ ಇಂಗ್ಲಿಷಿನಲ್ಲಿ, ಸರ್ಕಾರಕ್ಕೆ ಅರ್ಥವಾಗುವ ಹಾಗೆ.
ರೋಗ ಅವನ ಕುರಿಗೆ ಬಂದಿರಲಿಲ್ಲ. ಪಕ್ಕದ ಹೊಲಕ್ಕೆ ಬಂದಿತ್ತು.
ಅಷ್ಟು ಸಾಕಾಗಿತ್ತು.
ರೊಪ್ಪದ ಬಾಗಿಲಲ್ಲಿ ನಿಂತು, ಹೊರಗೆ ಹೋಗುವಷ್ಟೂ ಕುರಿಗಳನ್ನು
ಹಳೆಯ ಅಂಕಿಯಲ್ಲೇ ಎಣಿಸಿದ.
ಒಳಕ್ಕೆ ಎಣಿಸುವ ಬಾಗಿಲು ಅದು.

ಮೂರು ದಿನ ಹೊಗೆ. ಒಗೆದ ಬಟ್ಟೆಯಲ್ಲಿ, ಬ್ರೆಡ್ಡಿನಲ್ಲಿ,
ಥರ್ಜಾಳ ಕೂದಲಲ್ಲಿ ಕೂತು ಬ್ಯಾಂಕಿಗೂ ಬಂತು.
ಯಾರೂ ಏನೂ ಅನ್ನಲಿಲ್ಲ; ಎಲ್ಲರ ಕೂದಲೂ ಅದೇ ವಾಸನೆ.

ಜೂನಿನಲ್ಲಿ ಪರಿಹಾರದ ಚೆಕ್ಕು.
ಅಪ್ಪ ಬಂದ. ಮಗಳ ಕೌಂಟರ್ ಎಂದು ಮುಂದೆ ನುಗ್ಗಲಿಲ್ಲ,
ಟೋಪಿ ತೆಗೆದು ಸರದಿಯಲ್ಲಿ ನಿಂತ,
ಬೂಟಿನ ಮಣ್ಣು ಒಂದು ಸಲ ನೋಡಿಕೊಂಡ.
ಗಾಜಿನ ಕೆಳಗಿಂದ ಕಾಗದ ತಳ್ಳಿದ.
ಅವಳು ಮೊತ್ತ ಓದಿದಳು, ಗಟ್ಟಿಯಾಗಿ, ನಿಯಮದಂತೆ.
‘ಸರಿಯಾ?’
‘ಸರಿಯಿದೆ.’
ಮುದ್ರೆ ಒತ್ತಿದಳು. ಹಿಂದಿನವರು ಕೆಮ್ಮಿದರು.
ಗಾಜಿನ ಕಿಂಡಿಯಲ್ಲಿ ಒಂದು ಕೈ ತೂರಿಸುವಷ್ಟು ಜಾಗವಿತ್ತು.
ಇಬ್ಬರೂ ತೂರಿಸಲಿಲ್ಲ.

ಈ ವರ್ಷ ಶಾಖೆ ಮುಚ್ಚಿತು. ಬಿಲ್ಲೆ ಡ್ರಾಯರಿಗೆ ಹೋಯಿತು.
ಅದಕ್ಕೂ ಹಿಂದಿನ ಚಳಿಗಾಲದಲ್ಲಿ ಅಪ್ಪ ಹೋಗಿದ್ದ.
ಬಾಗಿಲ ಹಿಂದೆ ತೂಗುತ್ತಿದ್ದ ಅವನ ಕೋಟನ್ನು
ಚರ್ಚಿನ ಹಳೆಬಟ್ಟೆ ಅಂಗಡಿಗೆ ಕೊಡುವ ಮುನ್ನ
ಜೇಬು ತಡವಿದಳು. ಎಡಕ್ಕೆ ನೂಲಿನುಂಡೆ, ಪೆಪ್ಪರ್‌ಮಿಂಟ್.
ಬಲಕ್ಕೆ ಹರಳು.
ಆ ಬಾಗಿಲಿನ ನಂತರ ಅವನು ಎಣಿಸಲು ಏನೂ ಉಳಿದಿರಲಿಲ್ಲ,
ಹರಳು ಹಾಗೇ ಇದ್ದವು.

ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು ಎಣಿಸಿದಳು.
ಹತ್ತೊಂಬತ್ತು.
ಇಪ್ಪತ್ತಿರಬೇಕು, ಮೇಲಿನ ಹನ್ನೆರಡು ಬೆರಳಲ್ಲಿ.
ಮತ್ತೆ ಎಣಿಸಿದಳು. ಹತ್ತೊಂಬತ್ತು.
ಜೇಬಿಗೆ ತೂತಿದೆಯೇ ಎಂದು ಒಳಗಿಂದ ಹೊರಕ್ಕೆ ಮಗುಚಿದಳು:
ಅಮ್ಮನ ಹೊಲಿಗೆ, ಗಟ್ಟಿ.

ಬ್ಯಾಂಕಿನಲ್ಲಾದರೆ ಒಂದು ಪೆನ್ನಿ ಕಡಿಮೆ ಬಂದರೂ
ಕೆಂಪು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.
ಅವಳು ಕಿಟಕಿಯ ಕಡೆ ನೋಡಿದಳು. ಗುಡ್ಡದ ಮೇಲೆ
ಈಗ ಬೇರೆಯವರ ಕುರಿ, ಬೆನ್ನಿಗೆ ನೀಲಿ ಗುರುತು.
ಆ ಬೆಳಗ್ಗೆ, ಬಾಗಿಲಲ್ಲಿ,
ಎಲ್ಲೋ ಒಂದು ಜಿಗಿಟ್‌ನಲ್ಲಿ ಅವನ ಕೈ ಜೇಬಿಗೆ ಹೋಗಲಿಲ್ಲವೇ?
ಅಥವಾ ಇಪ್ಪತ್ತು ಕುರಿ, ಮಂಜು, ಹಿಂಬದಿಯ ಗೋಡೆಯ ಕಿಂಡಿ…

‘ಯಾನ್’ ಎಂದಳು ಥರ್ಜಾ, ಮೊದಲ ಕಲ್ಲು ಮುಟ್ಟಿ,
ಗಟ್ಟಿಯಾಗಿ, ಖಾಲಿ ಅಡುಗೆಮನೆಗೆ.