ಔಟ್‌ಟರ್ನ್

ಭಾನುವಾರ ರಾತ್ರಿ ಹನ್ನೆರಡರೊಳಗೆ
ಇನ್ನೂರು ಅಂಕ ತುಂಬದ ಗಿಲ್ಡು ತಾನಾಗಿ ಮುಚ್ಚುತ್ತದೆ.
ಆಟದ ಕಾನೂನು. ನಾನು ಮಾಡಿದ್ದಲ್ಲ.

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ ನನ್ನದು ತೂಕದ ಕೆಲಸ.
ಲಾರಿ ಹತ್ತಿ ನಿಂತರೆ ಕೆಂಪು ಅಂಕಿ ಬರೆದುಕೊಳ್ಳುವುದು,
ಇಳಿಸಿದ ಮೇಲೆ ಖಾಲಿ ಲಾರಿಯನ್ನು ಕಳೆಯುವುದು.
ಚೆರಿ ತಂದವರು ಕಿಟಕಿಗೆ ಮೂಗೊತ್ತಿ ಕೇಳುವುದು ಒಂದೇ:
ಔಟ್‌ಟರ್ನ್ ಎಷ್ಟು ಬಂತು, ದೇಚಕ್ಕ?
ಐವತ್ತು ಕೆಜಿಗೆ ಇಪ್ಪತ್ತಾರು ಬೇಳೆ,
ಒಳ್ಳೆ ವರ್ಷ ಇಪ್ಪತ್ತೆಂಟು.
ಉಳಿದದ್ದು ಹೊಟ್ಟು.

ನಮ್ಮ ಗಿಲ್ಡಿನ ಹೆಸರು ‘ಒಂಟಿಸಲಗ’.
ಇಪ್ಪತ್ತಮೂರು ಜನ ಸೇರಿ ಓಟು ಹಾಕಿ ಇಟ್ಟದ್ದು,
ಒಂಟಿ ಅಂತ.
ಆಗ ಯಾರಿಗೂ ನಗು ಬರಲಿಲ್ಲ.

ಲಾಕ್‌ಡೌನಿನ ಎರಡನೇ ತಿಂಗಳು.
ಅಮ್ಮತ್ತಿಯ ಶಂಶೀರ್, ಮೀನಿನ ಗಾಡಿ ನಿಂತುಹೋಗಿ.
ಶನಿವಾರಸಂತೆಯ ಪುಟ್ಟಲಿಂಗು, ತಂಗಿಯ ಒಡೆದ ಫೋನಿನಲ್ಲಿ.
ಚೆಟ್ಟಳ್ಳಿಯ ಪೂವಣ್ಣನಿಗೆ
ನೀರಿನ ಟ್ಯಾಂಕ್ ಹತ್ತಿದರೆ ಮಾತ್ರ ಸಿಗ್ನಲ್ಲು,
ಜೂನ್ ಜುಲೈಯ ಯುದ್ಧಗಳನ್ನೆಲ್ಲ
ಅವನು ಕೊಡೆ ಹಿಡಿದೇ ಮಾಡಿದ.

ಕಿವಿಯೊಳಗೆ ಎಲ್ಲರೂ ಒಟ್ಟಿಗೆ:
ಎಡಕ್ಕೆ ಬನ್ನಿ, ಬಾಗಿಲು ಒಡೀರಿ!
ನಡುವೆ ಶಂಶೀರನ ಪಿಸುದನಿ, ಆನೆ ಬಂತು.
ಎಲ್ಲಿ? ಎಷ್ಟು ಲೈಫ್ ಉಳಿದಿದೆ ಅದಕ್ಕೆ?
ಆಟದ್ದಲ್ಲ ಮಾರಾಯ್ರೆ, ನಮ್ಮ ಗೇಟಿನ ಹತ್ರ.
ಎಂಟು ಜನ ಕತ್ತಿ ಇಳಿಸಿ ನಿಂತೆವು,
ಒಬ್ಬೊಬ್ಬರು ಒಂದೊಂದು ಊರಲ್ಲಿ ಉಸಿರು ಹಿಡಿದು,
ಅವನ ಗೇಟಿನ ಕಬ್ಬಿಣ ಬಗ್ಗುವುದನ್ನು ಕೇಳುತ್ತ.
ಕೋಟೆ ಹೋಯಿತು ಅವತ್ತು. ಗೇಟೂ.

ಆ ವರ್ಷದ ಕೈಲ್‌ಪೊಳ್ದಿಗೆ
ಅಪ್ಪ ತೋಕು ಒರೆಸಿ ಚಾಪೆಯ ಮೇಲಿಟ್ಟಾಗ
ಪಕ್ಕದಲ್ಲಿ ನನ್ನ ಫೋನಿಟ್ಟೆ, ಮೇಲೊಂದು ತೋಕ್‌ಪೂ.
‘ಇದರಲ್ಲಿ ಎಷ್ಟು ಹಂದಿ ಹೊಡೆದೆ?’ ಎಂದರು.

ಆಮೇಲೆ ಅಂಗಡಿಗಳು ತೆರೆದವು.
ಯಾರೂ ಜಗಳವಾಡಿ ಹೋಗಲಿಲ್ಲ,
ಜಗಳವಾಗಿದ್ದರೆ ವಾಸಿಯಿತ್ತು.
ಹೆಸರಿನ ಪಕ್ಕದ ಹಸಿರು ಚುಕ್ಕೆ ಬೂದಿಯಾಯಿತು,
‘ಮೂರು ದಿನದ ಹಿಂದೆ’, ‘ನಲವತ್ತು ದಿನದ ಹಿಂದೆ’,
ಕೊನೆಗೆ ಆಟವೇ ಎಣಿಸುವುದು ಬಿಟ್ಟು
‘ಬಹಳ ಹಿಂದೆ’ ಎಂದು ಬರೆಯಿತು.

ಗೋಣಿಕೊಪ್ಪದ ಸಂತೆಯಲ್ಲೊಮ್ಮೆ
ಮತ್ತಿಯ ರೇಟು ಕೂಗುವ ದನಿ ಕೇಳಿ ಕಾಲು ನಿಂತಿತು.
ಬಾಗಿಲು ಒಡೆಯುವ ಅದೇ ದನಿ. ಮುಖ ನೋಡಿದ್ದು ಅದೇ ಮೊದಲು.
ನಾನು ಬಾಯಿ ಬಿಡಲಿಲ್ಲ, ಬಿಟ್ಟರೆ ಗೊತ್ತಾಗಿಬಿಡುತ್ತದೆ.
ಬೆರಳಲ್ಲಿ ತೋರಿಸಿದೆ, ಅರ್ಧ ಕೆಜಿ.
ತೂಕದಲ್ಲಿ ಎರಡು ಮೀನು ಹೆಚ್ಚೇ ಹಾಕಿದ.
ಮುಳ್ಳು ನೋಡುವುದು ನನಗೆ ಅಭ್ಯಾಸ.

ಈಗ ನಾಲ್ಕು ಹೆಸರು.
ಒಂದು ನಾನು.
ಇನ್ನೊಂದು ನನ್ನ ಹಳೇ ಫೋನು, ಅಂದರೆ ನಾನು.
ಮದುವೆಯ ಹಿಂದಿನ ದಿನ ಪುಟ್ಟಲಿಂಗು
‘ನೋಡ್ಕೊಳ್ಳಿ ಅಕ್ಕ’ ಎಂದು ಪಾಸ್‌ವರ್ಡು ಕೊಟ್ಟು ಹೋದ,
ಕೋಳಿಗಳನ್ನು ಪಕ್ಕದ ಮನೆಗೆ ಬಿಟ್ಟು ಹೋದ ಹಾಗೆ.
ಅದೂ ನಾನೇ.
ನಾಲ್ಕನೆಯದು ಪೂವಣ್ಣ. ಮಾತಿಲ್ಲ ಕತೆಯಿಲ್ಲ,
ಪ್ರತಿ ಭಾನುವಾರ ಹತ್ತು ಅಂಕ.
ಒಂಬತ್ತಲ್ಲ. ಹನ್ನೊಂದಲ್ಲ.

ಇವತ್ತು ನೂರ ತೊಂಬತ್ತಕ್ಕೆ ನಿಲ್ಲಿಸಿ
ಹನ್ನೊಂದೂ ಮುಕ್ಕಾಲಿಗೆ ಬರೆದೆ:
ಇಬ್ಬನಿ ಇದೆ. ಟ್ಯಾಂಕ್ ಹತ್ತಬೇಡ, ಜಾರುತ್ತೆ.

ತುಂಬ ಹೊತ್ತು ಏನಿಲ್ಲ.
ಆಮೇಲೆ,
‘ಟವರ್ ಬಂದು ಎರಡು ವರ್ಷ ಆಯ್ತಲ್ಲ ಅಕ್ಕ.
ಮಲಗಿದಲ್ಲೇ ಸಿಗುತ್ತೆ.’
ಮತ್ತೆ ಹತ್ತೇ ಯಾಕೆ?
‘ನೀವು ಅಷ್ಟೇ ಉಳಿಸ್ತಿದ್ರಿ.’

ನಗು ಬಂತು. ಕಾವಲುಗಾರ ತಿರುಗಿ ನೋಡಿದ.
ಟ್ಯಾಂಕಿನ ಮೇಲೆ ಈಗ ಏನಿದೆ, ಕೇಳಿದೆ.
ಅವ್ವ ಮೆಣಸು ಒಣಗಿಸ್ತಾಳೆ ಎಂದ.
ಹರ್ಷಿಣಿ ಏನಾದಳು, ಗೊತ್ತಾ?
ಮಡಿಕೇರಿಯಲ್ಲಿ ಕಣ್ಣಿನ ಆಸ್ಪತ್ರೆಯಂತೆ,
ಡಾಕ್ಟರಲ್ಲ, ಕನ್ನಡಕದ ಕೌಂಟರು.
ಶಂಶೀರನ ಮೀನಿನ ಮಾತು ಹೇಳಿದೆ.
ಅದಕ್ಕವನು ಏನೋ ಬರೆಯುತ್ತಿದ್ದ,
ಮೂರು ಚುಕ್ಕೆ ಏಳುತ್ತ ಬೀಳುತ್ತ ಇದ್ದವು,

ಪರದೆ ಬಿಳಿಯಾಯಿತು.
‘ನೀವು ಯಾವ ಗಿಲ್ಡಿನಲ್ಲೂ ಇಲ್ಲ. ಹುಡುಕುವಿರಾ?’

ಹತ್ತು ಅಂಕ ಇಬ್ಬರಿಗೂ ಮರೆತಿತ್ತು.

ಹೊರಗೆ ಲಾರಿಯ ಹಾರ್ನು.
ಅವನ ನಂಬರು ನನ್ನ ಹತ್ತಿರ ಇಲ್ಲ.
ಚೆಟ್ಟಳ್ಳಿ, ಟ್ಯಾಂಕಿನ ಮೇಲೆ ಮೆಣಸು ಒಣಗುವ ಮನೆ.